ಹುಳು ಮೊದಲು, ಚಂದ್ರಂಕಿ ಆಮೇಲೆ

ಮೂರು ತಿಂಗಳ ಹಿಂದೆ ನಮ್ಮ ಅಡುಗೆಮನೆ ಹೊಸದು ಮಾಡಿಸಿದೆವು. ಕಡಪ ಕಲ್ಲಿನ ಹಳೇ ಶೆಲ್ಫುಗಳು ಹೋದವು, ಮಾಡ್ಯುಲರ್ ಕಿಚನ್ ಬಂತು. ಅದೇ ಗಡಿಬಿಡಿಯಲ್ಲಿ ಸಿಂಕ್ ಮೇಲಿನ ಗೋಡೆಯಲ್ಲಿದ್ದ ಅಮ್ಮನ ಸ್ಟೀಲ್ ಪಾತ್ರೆ ಸ್ಟ್ಯಾಂಡ್ ಕೂಡ ಗುಜರಿಗೆ ಹೋಯಿತು. ಕೆಲಸ ಮಾಡಿಸುತ್ತಿದ್ದವರು "ಇದು ಇದ್ರೆ ಲುಕ್ ಹಾಳಾಗುತ್ತೆ ಮೇಡಂ" ಅಂದರು. ನಾನೂ ಹೂಂ ಅಂದೆ. ಅಮ್ಮನನ್ನು ಒಂದು ಮಾತು ಕೇಳಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಸ್ಟ್ಯಾಂಡ್ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಮೇಲೆ ಡಬ್ಬಿ, ಪಾತ್ರೆ ಇಡಲು ಒಂದು ಸಾಲು. ಅದರ ಕೆಳಗೆ ತಟ್ಟೆಗಳನ್ನು ಒಂದೊಂದಾಗಿ ನಿಲ್ಲಿಸುವ ಕಂಬಿಗಳು. ಅದಕ್ಕೂ ಕೆಳಗೆ ಲೋಟಗಳನ್ನು ಬೋರಲು ಹಾಕುವ ಜಾಗ, ಕಪ್ಪು ನೇತುಹಾಕುವ ಕೊಕ್ಕೆಗಳು. ಪಕ್ಕದಲ್ಲಿ ಚಮಚಕ್ಕೆ ತೂತು ತೂತಿನ ಒಂದು ಪುಟ್ಟ ಡಬ್ಬ. ತಟ್ಟೆ ತೊಳೆದು ಹಾಗೇ ಸಿಕ್ಕಿಸಿದರೆ ಆಯಿತು. ನೀರು ತಾನಾಗಿ ಇಳಿದು ಸಿಂಕಿಗೆ ಬೀಳುತ್ತಿತ್ತು. ತಟ್ಟೆ ತಟ್ಟೆಗೆ ತಾಗದ ಕಾರಣ ನಡುವೆ ಗಾಳಿ ಆಡುತ್ತಿತ್ತು. ಒರೆಸುವ ಕೆಲಸವೇ ಇಲ್ಲ. ಮದುವೆಯಲ್ಲಿ ಹೆಸರು ಹಾಕಿಸಿ ಕೊಟ್ಟ ತಟ್ಟೆಗಳೆಲ್ಲ ಕಣ್ಣೆದುರಿಗೇ ಇರುತ್ತಿದ್ದವು. ಒಂದು ಕಡಿಮೆಯಾದರೂ ಅಮ್ಮನಿಗೆ ತಕ್ಷಣ ಗೊತ್ತಾಗುತ್ತಿತ್ತು.

ಈಗ ತಟ್ಟೆಗಳು ಎಳೆಯುವ ಡ್ರಾಯರಿನಲ್ಲಿ ಒಂದರ ಮೇಲೊಂದು ಕೂತಿವೆ. ಒದ್ದೆ ಇಟ್ಟರೆ ಎರಡೇ ದಿನಕ್ಕೆ ವಾಸನೆ. ಹಾಗಾಗಿ ಅಮ್ಮ ಒಂದೊಂದು ತಟ್ಟೆಯನ್ನೂ ಒರೆಸುತ್ತಾರೆ. ಆಮೇಲೆ ಬಗ್ಗಿ, ಡ್ರಾಯರ್ ಎಳೆದು, ಜೋಡಿಸುತ್ತಾರೆ. ಅರವತ್ತೆಂಟು ವರ್ಷದ ಮಂಡಿ ಅವರದು. ಒಂದು ದಿನ ಮೆಲ್ಲಗೆ ಕೇಳಿದರು, "ತಟ್ಟೆ ನೀರಿಳಿಯೋಕೆ ಜಾಗ ಎಲ್ಲಿ ಬಿಟ್ಟಿದ್ದಾರಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕಳೆದ ತಿಂಗಳು, ಚಿಕ್ಕಪ್ಪನ ಊರಿನಲ್ಲಿ.

ಚಿಕ್ಕಪ್ಪನದು ಕನಕಪುರದ ಹತ್ತಿರ ಹಳ್ಳಿ. ರೇಷ್ಮೆ ಬೆಳೆ. ನಾವು ಹೋದ ದಿನ ಸರಿಯಾಗಿ ಹುಳು ಹಣ್ಣಾಗಿತ್ತು. ರೇಷ್ಮೆ ಮಾಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮೊಟ್ಟೆ ಒಡೆದು ಹೊರಬಂದ ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತದೆ. ನಡುವೆ 4 ಸಲ ತಿನ್ನೋದು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ವಾರ ಪೂರ್ತಿ ಮಳೆ ಸುರಿದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತದೆ. ಕೊನೆಗೆ ಒಂದು ದಿನ ತಿನ್ನೋದು ನಿಲ್ಲಿಸಿ, ಮೈ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ಹುಡುಕುತ್ತದೆ. ಅದೇ ಹಣ್ಣಾಗೋದು. ಆಗ ಮನೆಯವರೆಲ್ಲ ಸೇರಿ ಹುಳು ಆರಿಸಿ ಚಂದ್ರಂಕಿಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಅವತ್ತು ಊಟ, ನಿದ್ದೆ ಯಾವುದಕ್ಕೂ ಹೊತ್ತಿಲ್ಲ.

ಚಂದ್ರಂಕಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಹತ್ತಿರ ಕೂತು ನೋಡಿದ್ದು ಇದೇ ಮೊದಲು. 6 ಅಡಿ ಉದ್ದ, 4 ಅಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಎರಡು ಇಂಚಿನಷ್ಟು ಅಗಲದ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಸುರುಳಿ ಸುರುಳಿಯಾಗಿ ಸುತ್ತಿ ಕಟ್ಟಿರುತ್ತಾರೆ. ದೂರದಿಂದ ನೋಡಿದರೆ ದೊಡ್ಡ ಚಕ್ಕುಲಿಯ ಹಾಗೆ. ಸುರುಳಿಯ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಬಿಟ್ಟ ಜಾಗವೂ ಹೆಚ್ಚುಕಮ್ಮಿ ಅಷ್ಟೇ, ಎರಡು ಇಂಚು.

"ಈ ಜಾಗ ಯಾಕೆ ಚಿಕ್ಕಪ್ಪ ಇಷ್ಟೇ?" ಅಂದೆ.

"ಹುಳಕ್ಕೆ ಎರಡು ಕಡೆ ಗೋಡೆ ಬೇಕು ಕಣವ್ವಾ. ಮೊದಲು ಆ ಕಡೆ ಈ ಕಡೆ ಎಳೆ ಅಂಟಿಸಿ ತೊಟ್ಟಿಲು ಕಟ್ಕೊಳುತ್ತೆ. ಆಮೇಲೆ ಒಳಗೆ ಕೂತು ಗೂಡು ಸುತ್ತುತ್ತೆ. ಗೋಡೆ ದೂರ ಇದ್ರೆ ಸುಮ್ನೆ ಓಡಾಡಿ ಓಡಾಡಿ ಸುಸ್ತಾಗುತ್ತೆ, ರೇಷ್ಮೆ ದಂಡ."

ಅಷ್ಟೇ ಅಲ್ಲ. ಗೂಡು ಕಟ್ಟುವ ಮೊದಲು ಹುಳು ಕೊನೆಯ ಸಲ ಮೂತ್ರ ಮಾಡುತ್ತದೆ. ಒಂದು ಚಂದ್ರಂಕಿಯಲ್ಲಿ ಸಾವಿರದಷ್ಟು ಹುಳು ಇದ್ದರೆ ಎಷ್ಟು ತೇವ ಆಗಬೇಡ! ಆ ತೇವ ಅಲ್ಲೇ ನಿಂತರೆ ಗೂಡಿಗೆ ಕಲೆ ಬೀಳುತ್ತದೆ, ಮಾರ್ಕೆಟ್ಟಿನಲ್ಲಿ ದರ ಬೀಳುತ್ತದೆ. ಅದಕ್ಕೇ ತಟ್ಟಿ ಬಿದಿರಿನದು. ತೇವ ಹೀರುತ್ತದೆ, ಸಂದಿನಿಂದ ಗಾಳಿ ಬಿಡುತ್ತದೆ. ಅದಕ್ಕೇ ಚಂದ್ರಂಕಿಯನ್ನು ಮಲಗಿಸಿ ಇಡದೆ, ನೆರಳಿನಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಇನ್ನು ಸಾವಿರದ ಲೆಕ್ಕ. ಜಾಗ ಇದೆ ಅಂತ ಜಾಸ್ತಿ ಹುಳು ಸುರಿದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಜೋಡಿ ಗೂಡಿನಲ್ಲಿ ಎರಡು ಎಳೆ ಒಂದಕ್ಕೊಂದು ಸಿಕ್ಕಿಕೊಂಡು ನೂಲು ಸರಿಯಾಗಿ ಬಿಚ್ಚಲು ಬರುವುದಿಲ್ಲ. 100 ಮೊಟ್ಟೆ ಮೇಯಿಸಿದರೆ ಸುಮಾರು 40 ಚಂದ್ರಂಕಿ ಬೇಕಾಗುವುದು ಹೀಗೆ. (ರೇಷ್ಮೆಯವರ ಬಾಯಲ್ಲಿ ಒಂದು 'ಮೊಟ್ಟೆ' ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನೂರು ಚಿಲ್ಲರೆ.)

ನಾನು ಅಲ್ಲೇ ಕೂತು ಒಂದು ಹುಳುವನ್ನು ಅರ್ಧ ಗಂಟೆ ನೋಡಿದೆ. ಎರಡು ಪಟ್ಟಿಗಳ ನಡುವೆ ತೂಗಿಕೊಂಡು, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಇತ್ತು. ಒಂದು ಎಳೆ ಎಡಗೋಡೆಗೆ, ಒಂದು ಬಲಗೋಡೆಗೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಜೇಡರ ಬಲೆಯಂಥ ಒಂದು ಮಂಜು. ಸಂಜೆ ಹೊತ್ತಿಗೆ ಆ ಮಂಜಿನ ಒಳಗೆ ಹುಳು ಮಸುಕಾಗುತ್ತಾ ಬಂತು.

ಆಗ ನನಗೆ ಹೊಳೆದದ್ದು ಇಷ್ಟೇ. ಚಂದ್ರಂಕಿ ಮಾಡಿದವರು ಬಿದಿರು ಸೀಳುವ ಮೊದಲು ಹುಳುವನ್ನು ನೋಡಿದ್ದಾರೆ. ಅದು ಎಷ್ಟು ಉದ್ದ, ಯಾವುದಕ್ಕೆ ಆತುಕೊಳ್ಳುತ್ತದೆ, ಯಾವಾಗ ಒದ್ದೆ ಮಾಡುತ್ತದೆ ಎಲ್ಲ ಗೊತ್ತು ಅವರಿಗೆ. ನಮ್ಮ ಅಡುಗೆಮನೆ ಮಾಡಿದವರು ತಟ್ಟೆಯನ್ನು ನೋಡಲೇ ಇಲ್ಲ. ಗೋಡೆ ಅಳೆದರು, ಬಣ್ಣ ಆರಿಸಿದರು. ತಟ್ಟೆ ಒದ್ದೆ ಇರುತ್ತೆ ಅನ್ನೋದನ್ನೇ ಮರೆತರು.

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಿಕ್ಕಪ್ಪನೇ ಈಗ ಅರ್ಧ ಬೆಳೆಯನ್ನು ಬಿದಿರಿನ ಚಂದ್ರಂಕಿಯ ಬದಲು ಬಳಸುವ ಪ್ಲಾಸ್ಟಿಕ್ ನೇತ್ರಿಕೆಯಲ್ಲಿ ಬಿಡುತ್ತಾರೆ. ಅದು ಮಡಚಿಡಲು ಬರುತ್ತದೆ, ತೊಳೆಯೋದು ಸುಲಭ. ಬಿದಿರಿನ ಚಂದ್ರಂಕಿಗೆ ಅಂಟಿದ ಎಳೆಗಳನ್ನು ಬೆಂಕಿ ಹಾಯಿಸಿ ಸುಡಬೇಕು, ಬ್ಲೀಚಿಂಗ್ ಪೌಡರ್ ನೀರು ಹೊಡೆಯಬೇಕು. ಬಾಡಿಗೆ ಚಂದ್ರಂಕಿ ತಂದರೆ ಇನ್ನೊಬ್ಬರ ಹುಳುಮನೆಯ ರೋಗವೂ ಜೊತೆಗೆ ಬರುವ ಭಯ. ಆದರೆ ಪ್ಲಾಸ್ಟಿಕ್ ತೇವ ಹೀರುವುದಿಲ್ಲ, ಕೆಳಗೆ ಪೇಪರ್ ಹಾಸಬೇಕು. ಎರಡರದ್ದೂ ಲೆಕ್ಕ ಚಿಕ್ಕಪ್ಪನ ಬಾಯಲ್ಲೇ ಇದೆ.

ಇನ್ನೊಂದು ಇದೆ, ಜಪಾನಿನವರದ್ದು. ರೋಟರಿ ಚಂದ್ರಂಕಿ. ರಟ್ಟಿನ ಚೌಕಟ್ಟುಗಳು, ಒಂದೊಂದರಲ್ಲೂ 13ಕ್ಕೆ 12ರಂತೆ 156 ಪುಟ್ಟ ಮನೆಗಳು, ಒಂದು ಹುಳುವಿಗೆ ಒಂದು ಮನೆ. ಇಂಥ 10 ಚೌಕಟ್ಟು ಸೇರಿಸಿ ಮೇಲಿನಿಂದ ತೂಗುಹಾಕುತ್ತಾರೆ. ಹಣ್ಣಾದ ಹುಳುವಿಗೆ ಯಾವಾಗಲೂ ಮೇಲಕ್ಕೆ ಹತ್ತುವ ಬುದ್ಧಿ. ಎಲ್ಲ ಮೇಲೆ ಹತ್ತಿದವು ಅಂದರೆ ಮೇಲ್ಭಾಗ ಭಾರವಾಗಿ ಇಡೀ ಚೌಕಟ್ಟು ತಾನೇ ತಿರುಗುತ್ತದೆ. ಮೇಲಿದ್ದ ಖಾಲಿ ಇಲ್ಲದ ಮನೆಗಳು ಕೆಳಗೆ, ಕೆಳಗಿದ್ದ ಖಾಲಿ ಮನೆಗಳು ಮೇಲೆ. ಹುಳು ಮತ್ತೆ ಹತ್ತುತ್ತದೆ. ಹೀಗೆ ತಿರುಗಿ ತಿರುಗಿ ಎಲ್ಲ ಮನೆಯೂ ತುಂಬುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ, ಹುಳುವಿನ ಭಾರವೇ ಸಾಕು! ಇದನ್ನು ಯೋಚಿಸಿದವರ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸುತ್ತದೆ.

ಊರಿಂದ ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ಕಣ್ಣು, ಇಡುವ ವಸ್ತುವನ್ನು ನೋಡಿ ಮಾಡಿದ ಇಂಥವುಗಳ ಮೇಲೇ. ಬೈಕಿನ ಎರಡೂ ಕಡೆ ಕಬ್ಬಿಣದ ಕೊಕ್ಕೆಗೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಹೋಗುವವರು. ಭಾರ ಆದಷ್ಟು ಕೆಳಗಿದ್ದರೆ ಗಾಡಿ ವಾಲುವುದಿಲ್ಲ. ಆ ಕೊಕ್ಕೆ ಯಾವ ಶೋರೂಮಿನಲ್ಲೂ ಸಿಗಲ್ಲ, ವೆಲ್ಡಿಂಗ್ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಕ್ಯಾನ್ ಎದುರಿಗಿಟ್ಟು ಅಳತೆ ಕೊಟ್ಟು ಮಾಡಿಸಿದ್ದು. ಹಳೇ ಸೈಕಲ್ ಟ್ಯೂಬ್ ಸೀಳಿ ಮಾಡಿದ ಪಟ್ಟಿಯಿಂದ ಕ್ಯಾರಿಯರಿಗೆ ಬಾಳೆಗೊನೆ ಬಿಗಿದವರು. ಹಗ್ಗ ಕುಲುಕಿದರೆ ಸಡಿಲ ಆಗುತ್ತದೆ, ಟ್ಯೂಬ್ ಆಗಲ್ಲ.

ಟೀ ಅಂಗಡಿಯ ಹುಡುಗರ ಕೈಯಲ್ಲಿನ ತಂತಿ ಸ್ಟ್ಯಾಂಡ್ ನೋಡಿ. ಮೇಲೊಂದು ಹಿಡಿ, ಕೆಳಗೆ ಆರೋ ಎಂಟೋ ಬಳೆಗಳು. ಗಾಜಿನ ಲೋಟ ಮೇಲೆ ಅಗಲ, ಕೆಳಗೆ ಕಿರಿದು, ಹಾಗಾಗಿ ಬಳೆಯೊಳಗೆ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ತಂತಿ ಸಣ್ಣದಾದ್ದರಿಂದ ಬಿಸಿ ಕೈಗೆ ಬರಲ್ಲ. ಟೀ ಚೆಲ್ಲಿದರೂ ನಿಲ್ಲಲು ತಟ್ಟೆಯೇ ಇಲ್ಲ, ಕೆಳಗೆ ಹೋಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದನ್ನು ಹಿಡಿದು ರಸ್ತೆ ದಾಟುವ ಹುಡುಗನ ಕೈಯಲ್ಲಿ ಒಂದು ಲೋಟವೂ ಅಲುಗಿದ್ದು ನಾನು ನೋಡಿಲ್ಲ.

ಮನೆಯೊಳಗೂ ಇದ್ದವು. ಅಜ್ಜಿ ಮನೆಯಲ್ಲಿ ತೊಲೆಯಿಂದ ಇಳಿಬಿದ್ದ ನೆಲುವು ಇತ್ತು. ಕತ್ತಾಳೆ ನಾರಿನ ಹಗ್ಗ, ತಳದಲ್ಲಿ ಒಂದು ಬಳೆ, ಅದರಲ್ಲಿ ಬೆಣ್ಣೆ ಗಡಿಗೆ. ಗಡಿಗೆಯ ತಳ ಗುಂಡಗೆ, ನೆಲದ ಮೇಲೆ ನಿಲ್ಲಲ್ಲ. ನೆಲುವಿನಲ್ಲಿ ಆ ಗುಂಡಗಿನ ತಳವೇ ಅನುಕೂಲ. ಭಾರ ಬಿದ್ದಷ್ಟೂ ಹಗ್ಗ ಗಡಿಗೆಯನ್ನು ಅಪ್ಪಿಕೊಳ್ಳುತ್ತದೆ. ಬೆಕ್ಕಿಗೆ ಎಟುಕದು, ಗಾಳಿಗೆ ತಂಪು. ಕೃಷ್ಣ ಗೆಳೆಯರ ಬೆನ್ನ ಮೇಲೆ ಹತ್ತಿ ಬೆಣ್ಣೆ ಕದ್ದದ್ದು ಯಾಕೆ ಹೇಳಿ? ಗಡಿಗೆ ನೆಲುವಿನಲ್ಲಿತ್ತು, ಅದಕ್ಕೆ! ಬಾವಿಯಿಂದ ನೀರು ತರುವಾಗ ಅದೇ ಗುಂಡು ತಳಕ್ಕೆ ತಲೆ ಮೇಲೆ ಸಿಂಬಿ. ಹುಳುಮನೆಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇರುವೆ ಬರದ ಹಾಗೆ ನೀರಿನ ಬಟ್ಟಲು ಇಡುತ್ತಾರಲ್ಲ, ಅಜ್ಜಿ ಬೆಲ್ಲದ ಡಬ್ಬಿಗೂ ಅದನ್ನೇ ಮಾಡುತ್ತಿದ್ದರು. ನೆಲುವಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ನನಗೆ ಬೇಕು.

ಕೋಳಿ ಮೊಟ್ಟೆ ಇಡುವ ರಟ್ಟಿನ ಡಬ್ಬವನ್ನು 1911ರಲ್ಲಿ ಕೆನಡಾದಲ್ಲಿ ಮಾಡಿದ್ದು ಜೋಸೆಫ್ ಕಾಯ್ಲ್ ಅನ್ನುವ ಪತ್ರಿಕೆಯವರು. ಮೊಟ್ಟೆ ಒಡೆದು ಬರುತ್ತೆ ಅಂತ ಒಬ್ಬ ರೈತನಿಗೂ ಒಬ್ಬ ಹೋಟೆಲಿನವನಿಗೂ ಜಗಳ. ಅದನ್ನು ಕೇಳಿ ಕೂತು ಯೋಚಿಸಿದರಂತೆ. ಅವರ ಹೆಸರು ಇವತ್ತಿಗೂ ಉಳಿದಿದೆ, ಸಂತೋಷ. ನಮ್ಮ ಚಂದ್ರಂಕಿ ಮೊದಲು ಕಟ್ಟಿದವರ ಹೆಸರು? ನೆಲುವು ಹೆಣೆದವರದ್ದು? ಬಿದಿರು ಸೀಳಿ ಇದನ್ನು ಹೆಣೆಯುವ ಮೇದರ ಕುಶಲತೆಗೆ ನಾವು 'ಬುಟ್ಟಿ ಹೆಣೆಯೋದು' ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಚೌಕಾಸಿ ಬೇರೆ ಮಾಡುತ್ತೇವೆ. ನನಗೆ ಇದು ನಿಜವಾಗಿಯೂ ನೋವು. ಎರಡು ಇಂಚಿನ ಅಂತರವನ್ನು ಅಳತೆ ಪಟ್ಟಿ ಇಲ್ಲದೆ, ಬರೀ ಬೆರಳಲ್ಲಿ, ತಟ್ಟಿಯ ಉದ್ದಕ್ಕೂ ಒಂದೇ ಸಮ ಕಾಯುವುದು ಸಣ್ಣ ವಿದ್ಯೆಯಲ್ಲ.

ಈಗ ಹಳೇ ಚಂದ್ರಂಕಿಗಳನ್ನು ರೆಸಾರ್ಟು, ಕಾಫಿ ಅಂಗಡಿಗಳ ಗೋಡೆಗೆ ಅಲಂಕಾರಕ್ಕೆ ಹಾಕುತ್ತಾರೆ. ಹಾಕಲಿ. ಚೆಂದ ಕಾಣುತ್ತದೆ, ನನಗೂ ಇಷ್ಟ. ಪಕ್ಕದಲ್ಲಿ ಒಂದು ಚೀಟಿ ಇರಲಿ, ಇದು ಚಂದ್ರಂಕಿ, ಇದರಲ್ಲಿ ಸಾವಿರ ಹುಳು ಗೂಡು ಕಟ್ಟುತ್ತವೆ ಅಂತ. ಕಾಫಿ ಕುಡಿಯಲು ಬಂದ ಮಗು ಓದಿಕೊಳ್ಳಲಿ. ಹಾಗೇ ಹಳೆಯದನ್ನು ಗುಜರಿ ಬೆಲೆಗೆ ತರುವ ಬದಲು ಮೇದರ ಹತ್ತಿರ ಹೊಸದು ಹೇಳಿ ಮಾಡಿಸಿ, ಕೇಳಿದ ದುಡ್ಡು ಕೊಡಿ.

ಮನೆಗೆ ಬಂದ ಮಾರನೇ ದಿನ ಪಾತ್ರೆ ಅಂಗಡಿಗೆ ಹೋದೆ. ಈ ಸಲ ಅಮ್ಮನನ್ನು ಕರೆದುಕೊಂಡು ಹೋದೆ. ಅವರು ಮನೆಯಿಂದ ಎರಡು ತಟ್ಟೆ, ಒಂದು ಲೋಟ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅಂಗಡಿಯಲ್ಲಿದ್ದ ಪ್ರತಿಯೊಂದು ಸ್ಟ್ಯಾಂಡಿಗೂ ಆ ತಟ್ಟೆ ಸಿಕ್ಕಿಸಿ ನೋಡಿದರು. ಮೂರನೆಯದು ಒಪ್ಪಿಗೆಯಾಯಿತು.

ಭಾನುವಾರ ಬಡಗಿ ಬಂದ. ಎಷ್ಟು ಎತ್ತರಕ್ಕೆ ಹೊಡೀಲಿ ಅಂತ ನನ್ನನ್ನು ಕೇಳಿದ. ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸಿಂಕಿನ ಮುಂದೆ ನಿಂತು, ಕೈಯಲ್ಲಿದ್ದ ತಟ್ಟೆಯನ್ನು ತೊಳೆದ ಹಾಗೆ ಮಾಡಿ, ಹಾಗೇ ಮೇಲೆತ್ತಿ ಗೋಡೆಗೆ ಹಿಡಿದರು. ತೋಳು ಎಲ್ಲಿಗೆ ಸಲೀಸಾಗಿ ಹೋಯಿತೋ ಅಲ್ಲಿಗೆ. ಬಡಗಿ ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಅವರ ಮಣಿಕಟ್ಟಿನ ಪಕ್ಕ ಒಂದು ಗೆರೆ ಎಳೆದ.