ಸೂರ್ಯನಿಗಾಗಿ ಕಾದ ತಾಯಿ

ಗಾಂಧೀಜಿಯ ತಾಯಿ ಪುತಲೀಬಾಯಿ ಬಗ್ಗೆ ಓದಿದಾಗೆಲ್ಲ ಮನಸ್ಸು ತುಂಬಿ ಬರುತ್ತದೆ. ಒಂದು ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ನೋಡದೆ ಊಟ ಮಾಡುವುದಿಲ್ಲ ಅಂತ ವ್ರತ ಹಿಡಿದಿದ್ದರು. ಅದೂ ಮಳೆಗಾಲದಲ್ಲಿ! ಮಕ್ಕಳು ಮುಗಿಲು ನೋಡುತ್ತಾ ಕಾಯುತ್ತಿದ್ದರು. ಸೂರ್ಯ ಕಂಡ ಕೂಡಲೇ ಅಮ್ಮನನ್ನು ಕೂಗುವುದು, ಅವರು ಹೊರಗೆ ಬರುವಷ್ಟರಲ್ಲಿ ಮೋಡ ಮುಚ್ಚಿರುವುದು. ಇವತ್ತು ನಾನು ಉಣ್ಣುವುದು ದೇವರಿಗೆ ಬೇಡವಾಗಿದೆ ಅಂತ ನಗುನಗುತ್ತಲೇ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ನಮ್ಮಮ್ಮನೂ ಏಕಾದಶಿ ದಿನ ತಾನು ಉಪವಾಸವಿದ್ದು ನಮಗೆ ಬಿಸಿ ದೋಸೆ ಹಾಕಿಕೊಡುತ್ತಿದ್ದರು, ಅದಕ್ಕೇ ಇದು ಜಾಸ್ತಿ ತಟ್ಟುತ್ತದೆ.

1888ರಲ್ಲಿ ಮಗನನ್ನು ಲಂಡನ್ನಿಗೆ ಕಳಿಸುವ ಮುಂಚೆ ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲ ಅಂತ ಮಾತು ತಗೊಂಡರು. 1891ರಲ್ಲಿ ಮಗ ಬ್ಯಾರಿಸ್ಟರ್ ಆಗಿ ಮುಂಬೈಯಲ್ಲಿ ಹಡಗು ಇಳಿದಾಗ ಅಮ್ಮ ಇರಲಿಲ್ಲ. ಅಣ್ಣ ಆ ಸುದ್ದಿಯನ್ನು ಅಲ್ಲಿಯವರೆಗೂ ಮುಚ್ಚಿಟ್ಟಿದ್ದರು. ಮಾತು ಉಳಿಸಿಕೊಂಡೆ ಅಂತ ಹೇಳೋಕೆ ಅಮ್ಮನೇ ಇಲ್ಲ, ಎಂಥ ಸಂಕಟ ಅಲ್ವಾ?