ಒಲೆ ಹಚ್ಚೋದೇ ಬೇಡ ಅಂದವ್ರನ್ನ ಹುಡುಕ್ತಿದ್ದೀನಿ

ಅಡುಗೆ ವಿಡಿಯೋ ಮಾಡೋರಲ್ಲಿ ಒಂದು ಜಾತಿ ಇದೆ, ಅವ್ರು ಯಾವಾಗ್ಲೂ ನಗ್ತಾನೇ ಇರ್ತಾರೆ, ಅವ್ರ ಅಡುಗೆಮನೆ ಕಟ್ಟೆ ಮೇಲೆ ಒಂದು ತೊಳೀದಿರೋ ಚಮಚ ಕೂಡ ಕಾಣಲ್ಲ, "ಒಲೆ ಹಚ್ಚೋದೇ ಬೇಡ ಫ್ರೆಂಡ್ಸ್, ಹಣ್ಣು ಹೆಚ್ಚಿ, ಕ್ರೀಮ್ ಬೀಟ್ ಮಾಡಿ, ಮಿಕ್ಸ್ ಮಾಡಿ ಫ್ರಿಜ್‌ನಲ್ಲಿಡಿ, ಅಷ್ಟೇ" ಅಂತಾರೆ. ಆ "ಅಷ್ಟೇ" ಅನ್ನೋದಿದೆಯಲ್ಲ, ಅದನ್ನ ನಂಬಿ ಎಷ್ಟು ಮನೆ ಹಾಳಾಗಿದಾವೋ ದೇವರಿಗೇ ಗೊತ್ತು. ಅನಾನಸ್, ಮಾವು, ಬಾಳೆಹಣ್ಣು, ಕಿವಿ, ಒಂದಿಷ್ಟು ತೆಂಗಿನ ತುರಿ, ಅದ್ರ ಮೇಲೆ ಮೋಡ ಇಳಿಸಿದ ಹಾಗೆ ಬಿಳೀ ಕ್ರೀಮು, ಗಾಜಿನ ಬೌಲು, ಪಕ್ಕದಲ್ಲಿ ಪುದೀನ ಎಲೆ. ನೋಡಿದ್ರೆ ಯಾರಿಗಾದ್ರೂ ಅನ್ಸತ್ತೆ, ಇದ್ರಲ್ಲಿ ಕೆಡೋಕೆ ಏನಿದೆ ಅಂತ.

ಕೆಡೋಕೆ ಎಲ್ಲಾ ಇದೆ. ಒಲೆ ಇದ್ದಿದ್ರೆ ಕಮ್ಮಿ ಕೆಡ್ತಿತ್ತು, ಅದೇ ನನ್ನ ವಾದ.

ಮನೆಗೆ ಜನ ಬರೋರಿದ್ರು, ಒಂದು ಹನ್ನೆರಡು ಜನ ಅಂತ ಹೇಳಿದ್ರು, ಸಿಹಿ ಏನಾದ್ರೂ ಮಾಡ್ಬೇಕಲ್ಲ ಅನ್ನೋ ಮಾತು ಬಂತು, ಆಗ ನಮ್ಮನೆಯವ್ರು ಫೋನಿಂದ ತಲೆ ಎತ್ತದೇನೇ "ಆ ಫ್ರೂಟ್ ಕ್ರೀಮ್ ಸಲಾಡ್ ಮಾಡ್ಬಿಡೇ, ಅದಕ್ಕೆ ಕೆಲಸಾನೇ ಇಲ್ಲ" ಅಂದ್ರು. ಕೆಲಸಾನೇ ಇಲ್ಲ ಅಂತ ಹೇಳೋ ಹಕ್ಕು ಆ ಕೆಲಸ ಮಾಡದೇ ಇರೋರಿಗೆ ಮಾತ್ರ ಹೇಗೆ ಸಿಗತ್ತೋ ನಂಗೊತ್ತಿಲ್ಲ. ಇರ್ಲಿ. ಈ ತಿಂಡಿಗೆ ದೊಡ್ಡ ವಂಶ ಬೇರೆ ಇದೆ, ಅಮೆರಿಕಾದಲ್ಲಿ 19ನೇ ಶತಮಾನದ ಕೊನೇಲೇ ಅಂಬ್ರೋಸಿಯಾ ಅಂತ ಒಂದು ಹಣ್ಣಿನ ಸಲಾಡ್ ಮಾಡ್ತಿದ್ರು, ಗ್ರೀಕ್ ದೇವತೆಗಳು ತಿನ್ನೋ ಆಹಾರದ ಹೆಸರದು. ಮೊದಮೊದಲು ಅದ್ರಲ್ಲಿ ಇದ್ದಿದ್ದು ಕಿತ್ತಳೆ, ತೆಂಗಿನ ತುರಿ, ಸಕ್ಕರೆ, ಅಷ್ಟೇ. ಕ್ರೀಮು, ಮಾರ್ಷ್‌ಮ್ಯಾಲೋ ಎಲ್ಲ ಆಮೇಲೆ ಬಂದು ಸೇರಿದ್ದು. ಬುದ್ಧಿ ಇದ್ದೋರು ಕಿತ್ತಳೆಗೇ ನಿಲ್ಲಿಸ್ಬೇಕಿತ್ತು.

ಮೊದಲು ಕ್ರೀಮ್ ಕಥೆ. ವಿಪ್ ಆಗೋ ಕ್ರೀಮ್‌ಗೆ ಶೇಕಡಾ 35ರ ಸುಮಾರು ಕೊಬ್ಬಿರ್ಬೇಕು, 30ಕ್ಕಿಂತ ಕೆಳಗಿದ್ರೆ ನೀವು ಸಂಜೆ ತನಕ ಬೀಟರ್ ತಿರುಗಿಸಿದ್ರೂ ಅದು ಬೀಳೋ ಮಳೆ ನೋಡ್ಕೊಂಡು ಕೂತ ಎಮ್ಮೆ, ಏನೂ ಆಗಲ್ಲ. ಇದನ್ನ ಯಾರೂ ವಿಡಿಯೋದಲ್ಲಿ ಹೇಳಲ್ಲ, "ಕ್ರೀಮ್ ತಗೊಳಿ" ಅಂತಾರೆ. ನಮ್ಮನೆಯವ್ರು ತಂದ ಡಬ್ಬದ ಮೇಲೆ ತೀರಾ ಸಣ್ಣ ಅಕ್ಷರದಲ್ಲಿ 25 ಅಂತ ಇತ್ತು. ಬೀಟರ್ ಕೂಗ್ತಾನೇ ಇದೆ, ಕ್ರೀಮ್ ಸುತ್ತುತ್ತಾನೇ ಇದೆ, ಮೇಲೆ ಒಂದಿಷ್ಟು ನೊರೆ ಬಂತು, ನೊರೆ ಹೋಯ್ತು, ಮಗಳು ಬಂದು ಬಗ್ಗಿ ನೋಡಿ "ಅಮ್ಮ ಇದು ಹಾಲಾ" ಅಂದ್ಲು.

ಮತ್ತೆ ಕಳಿಸಿ ಸರಿಯಾದ್ದನ್ನ ತರಿಸಿದ್ದಾಯ್ತು. ಈ ಸಲ ಬೇರೆ ಸಮಸ್ಯೆ, ಸೆಖೆ. ಕ್ರೀಮು, ಬೌಲು, ಬೀಟರಿನ ಕಡ್ಡಿ ಎಲ್ಲಾನೂ ತಣ್ಣಗಿರ್ಬೇಕು, 5 ಡಿಗ್ರಿ ಹತ್ರ ಇದ್ರೆ ಒಳ್ಳೇದು, ಯಾಕಂದ್ರೆ ಆ ಕೊಬ್ಬಿನ ಕಣಗಳು ಅರ್ಧ ಗಟ್ಟಿಯಾಗಿದ್ರೆ ತಾನೇ ಗಾಳಿಯ ಗುಳ್ಳೆಗಳನ್ನ ಸುತ್ತ ನಿಂತು ಹಿಡ್ಕೊಳೋದು, ಬಿಸಿಯಾದ್ರೆ ಅವು ಕೈ ಬಿಟ್ಬಿಡ್ತವೆ. ಸರಿ, ಎಲ್ಲಾನೂ ಫ್ರೀಜರ್‌ಗೆ ಹಾಕಿ ತೆಗೆದು ಮತ್ತೆ ಶುರು ಮಾಡಿದ್ದು. ಈಗ ಚೆನ್ನಾಗಿ ಬಂತು. ಬೀಟರ್ ಹೋದ ದಾರಿಯಲ್ಲಿ ಗೆರೆ ಉಳೀತಾ ಇತ್ತು, ಕಡ್ಡಿ ಎತ್ತಿದ್ರೆ ತುದಿ ಸ್ವಲ್ಪ ಬಾಗಿ ನಿಂತ್ಕೊತಾ ಇತ್ತು, ಸದ್ದೂ ಬದಲಾಗಿ ಮೆತ್ತಗಾಗಿತ್ತು, ನಿಲ್ಲಿಸೋಕೆ ಸರಿಯಾದ ಹೊತ್ತು ಅದೇ. ನಿಲ್ಲಿಸೋಣ ಅಂತ ಕೈ ಸ್ವಿಚ್ ಹತ್ರ ಹೋಗ್ತಿದೆ, ಹಿಂದಿಂದ ನಮ್ಮನೆಯವ್ರು, "ಇನ್ನೊಂದು ಸ್ವಲ್ಪ ಗಟ್ಟಿಯಾಗ್ಲಿ ತಗೋ, ಇಲ್ಲಿ ಕೊಡು ನಾನು ಮಾಡ್ತೀನಿ" ಅಂತ ಬೀಟರ್ ಕಿತ್ಕೊಂಡ್ರು. ಗಂಡಸರಿಗೆ ಮೋಟರ್ ಇರೋ ಯಾವ ವಸ್ತು ಕೈಗೆ ಸಿಕ್ಕಿದ್ರೂ ಅದ್ರ ಕೊನೇ ಸ್ಪೀಡ್ ಎಷ್ಟು ಅಂತ ನೋಡ್ಲೇಬೇಕು.

ಅರ್ಧ ನಿಮಿಷ ಆಗಿರ್ಬೋದು. ಬಿಳೀ ಇದ್ದಿದ್ದು ಒಂಚೂರು ಹಳದಿ ತಿರುಗ್ತು, ನುಣ್ಣಗಿದ್ದಿದ್ದು ತರಿತರಿ ಆಯ್ತು, ಇದ್ದಕ್ಕಿದ್ದ ಹಾಗೆ ಪಚಕ್ ಅಂತ ಒಂದು ಸದ್ದು, ನೀರು ನೀರು ಮಜ್ಜಿಗೆ ಎದ್ದು ಬಂದು ಗೋಡೆಗೆ, ಅವ್ರ ಕನ್ನಡಕಕ್ಕೆ, ಕ್ಯಾಲೆಂಡರ್‌ಗೆ ಹೊಡೀತು, ಬೀಟರ್ ಕಡ್ಡಿ ಮಧ್ಯೆ ಒಂದು ಮುದ್ದೆ ಬೆಣ್ಣೆ ಸಿಕ್ಕಾಕೊಂಡು ಗರಗರ ಸುತ್ತುತಾ ಇದೆ. ಅವ್ರು ಕನ್ನಡಕ ತೆಗೆದು ಒರೆಸ್ಕೊಂಡು "ಒಳ್ಳೇ ಬೆಣ್ಣೆ ಬಂದಿದೆ ಕಣೇ" ಅಂದ್ರು. ಏನು ಹೇಳ್ತೀರಿ ಇಂಥೋರಿಗೆ.

ಕೊನೆಗೆ ಉಪಾಯ ಕೊಟ್ಟಿದ್ದು ಕಂಡೆನ್ಸ್‌ಡ್ ಮಿಲ್ಕು. ಅದಕ್ಕೆ ನಿಂಬೆರಸ ಹಿಂಡಿ ತಿರುಗಿಸಿದ್ರೆ ಹುಳಿಗೆ ಹಾಲಿನ ಪ್ರೋಟೀನು ಒತ್ತೊತ್ತಾಗಿ ಸೇರ್ಕೊಂಡು ತಾನಾಗೇ ಮಂದ ಆಗತ್ತೆ, ಬೀಟರೂ ಬೇಡ, ಗಂಡನೂ ಬೇಡ. ಒಂದೇ ಕಷ್ಟ ಅಂದ್ರೆ ಅದು ಹೆಚ್ಚುಕಮ್ಮಿ ಅರ್ಧಕ್ಕರ್ಧ ಸಕ್ಕರೆ, ಅದ್ರ ಮೇಲೆ ಮಾವಿನಹಣ್ಣು ಬಾಳೆಹಣ್ಣು ಬಿದ್ರೆ ಹಲ್ಲು ಜುಂ ಅನ್ನತ್ತೆ. ಆದ್ರೆ ತಣ್ಣಗಾದ್ಮೇಲೆ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗೋದು, ಹಾಗಾಗಿ ಬಿಸಿಲಲ್ಲಿ ರುಚಿ ನೋಡಿ ಅಯ್ಯೋ ಜಾಸ್ತಿ ಆಯ್ತು ಅಂತ ಕೂಗೋರ ಮಾತಿಗೆ ಕಿವಿ ಕೊಡ್ಬಾರ್ದು. ಉಳಿದಿದ್ದ ಒಂದು ಡಬ್ಬ ಕ್ರೀಮನ್ನ ಬಾಗಿಲು ಹಾಕ್ಕೊಂಡು ಒಬ್ಳೇ ಬೀಟ್ ಮಾಡಿ ಇದಕ್ಕೆ ಬೆರೆಸಿದ್ದಾಯ್ತು.

ಈಗ ಅನಾನಸ್. ಇದ್ರ ಬಗ್ಗೆ ನಂಗೆ ತುಂಬಾ ಹೇಳೋದಿದೆ.

ವಿಡಿಯೋದಲ್ಲಿ ತಳಕ್ಕೆ ಒಂದು ಪದರ ಜೆಲ್ಲಿ, ಅದ್ರೊಳಗೆ ಅನಾನಸ್ ತುಂಡು ತೇಲ್ತಾ ಇರತ್ತೆ, ಅದ್ರ ಮೇಲೆ ಕ್ರೀಮ್ ಹಣ್ಣು. ತಾಜಾ ಅನಾನಸ್ ಹೆಚ್ಚಿ, ಜಿಲಾಟಿನ್ ಬಿಸಿನೀರಲ್ಲಿ ಕರಗಿಸಿ, ಅದು ಆರಿದ್ಮೇಲೆ ಹಣ್ಣು ಹಾಕಿ ಫ್ರಿಜ್‌ಗೆ ಇಟ್ಟಿದ್ದು ಹಿಂದಿನ ರಾತ್ರೀನೇ. ಬೆಳಿಗ್ಗೆ ನೋಡಿದ್ರೆ ನೀರು. ಸರಿ, ಹೊತ್ತು ಬೇಕೇನೋ ಅಂತ ಬಿಟ್ರೆ ಮಧ್ಯಾಹ್ನಾನೂ ನೀರು. ಮಗಳು ಬಂದು ಬೌಲನ್ನ ಅಲ್ಲಾಡಿಸಿ ನೋಡೋದು, ಅಲೆ ಬರೋದು, ನಗೋದು, ಮತ್ತೆ ಬರೋದು. ಫ್ರಿಜ್ ಕೆಟ್ಟಿದೆ ಅಂತ ನಮ್ಮನೆಯವ್ರು ಹಿಂದುಗಡೆ ಹೋಗಿ ಗೋಡೆಗೂ ಅದಕ್ಕೂ ಮಧ್ಯೆ ತಲೆ ತೂರಿಸಿ, ಅಲ್ಲಿಂದ ಎರಡು ಚಪಾತಿ ಲಟ್ಟಣಿಗೆ ಗಾತ್ರದ ಧೂಳಿನುಂಡೆ ತಂದು ತೋರಿಸಿದ್ರು. ಫ್ರಿಜ್ ಸರಿಯಾಗೇ ಇತ್ತು.

ಕಳ್ಳ ಇದ್ದಿದ್ದು ಬೌಲ್ ಒಳಗೇ. ಹಸೀ ಅನಾನಸ್‌ನಲ್ಲಿ ಬ್ರೋಮೆಲೈನ್ ಅಂತ ಕಿಣ್ವ ಇರತ್ತೆ, ಅದಕ್ಕೆ ಪ್ರೋಟೀನ್ ಕಂಡ್ರೆ ಕತ್ತರಿಸೋ ಚಟ. ಜಿಲಾಟಿನ್ ಅಂದ್ರೆ ಪ್ರೋಟೀನೇ, ತಣ್ಣಗಾಗ್ತಾ ಅದ್ರ ಎಳೆಗಳು ಒಂದಕ್ಕೊಂದು ಹೆಣ್ಕೊಂಡು ನೀರನ್ನ ಒಳಗೆ ಹಿಡಿದಿಟ್ರೆ ತಾನೇ ಜೆಲ್ಲಿ. ಇಲ್ಲಿ ಎಳೆ ಹೆಣ್ಕೊಳೋಕೂ ಬಿಡದೆ ಈ ಪುಣ್ಯಾತ್ಮ ತುಂಡು ಮಾಡ್ತಾನೇ ಹೋಗ್ತಾನೆ. ಅನಾನಸ್ ಜಾಸ್ತಿ ತಿಂದ್ರೆ ನಾಲಿಗೆ ಚುರುಚುರು ಅನ್ನತ್ತಲ್ಲ, ಅದ್ರಲ್ಲೂ ಇವನ ಕೈವಾಡ ಇದೆ, ಅಂದ್ರೆ ನಾವು ಅನಾನಸ್ ತಿನ್ನೋವಾಗ ಅದೂ ನಮ್ಮನ್ನ ಸ್ವಲ್ಪ ತಿಂತಿರತ್ತೆ. ಮಾಂಸ ಮೆತ್ತಗೆ ಮಾಡೋಕೆ ಅನಾನಸ್ ರಸ ಸವರೋದೂ ಇದೇ ಕಾರಣಕ್ಕೆ. ಫ್ರೀಜರ್‌ನಲ್ಲಿಟ್ರೂ ಇವನು ಸಾಯಲ್ಲ, ಮಲಗ್ತಾನೆ, ಹೊರಗೆ ತೆಗೆದ್ರೆ ಎದ್ದು ಕೆಲಸ ಶುರು. ಸಾಯ್ಬೇಕು ಅಂದ್ರೆ ಬಿಸಿ ಬೇಕು, ಹಣ್ಣಿನ ತುಂಡನ್ನ ಒಂದೈದು ನಿಮಿಷ ಕುದಿಸಿದ್ರೆ ಮುಗೀತು ಅವನ ಕಥೆ. ಡಬ್ಬದ ಅನಾನಸ್‌ನಲ್ಲಿ ಜೆಲ್ಲಿ ನಿಲ್ಲತ್ತೆ, ಯಾಕಂದ್ರೆ ಡಬ್ಬ ತುಂಬೋವಾಗ ಅದನ್ನ ಕಾಯಿಸಿರ್ತಾರೆ.

ಗೊತ್ತಾಯ್ತಾ? ಒಲೆ ಹಚ್ಚೋದೇ ಬೇಡ ಅಂದ್ರಲ್ಲ, ಆ ವಿಡಿಯೋದವ್ರು ಡಬ್ಬ ಓಪನ್ ಮಾಡಿ ಸುರಿದಿದ್ರು, ಅವ್ರ ಒಲೆಯನ್ನ ಫ್ಯಾಕ್ಟ್ರಿಯವ್ರು ಹಚ್ಚಿದ್ರು. ತಾಜಾ ಹಣ್ಣು ಒಳ್ಳೇದು ಅಂತ ಸಿಪ್ಪೆ ತೆಗೆದು, ಕಣ್ಣು ಕಿತ್ತು, ಮುಂಗೈ ತನಕ ಅಂಟು ಮಾಡ್ಕೊಂಡು ಹೆಚ್ಚಿದವ್ರಿಗೆ ಸಿಕ್ಕಿದ್ದು ನೀರು.

ಇಷ್ಟಕ್ಕೇ ಬಿಟ್ಟನಾ ಅವನು? ಇಲ್ಲ. ತಳದ ಜೆಲ್ಲಿ ಹೋಗ್ಲಿ ಅಂತ ಮಿಕ್ಕ ಹಸೀ ಅನಾನಸ್‌ನ ಕ್ರೀಮ್‌ಗೆ ಹಾಕಿ ಇಟ್ರೆ ಎರಡು ಗಂಟೆ ಬಿಟ್ಟು ಕಹಿ. ಮೊದಲು ನಂಗೆ ಬಾಯಿ ಸರಿಯಿಲ್ವೇನೋ ಅನ್ಸಿ ಮಗಳಿಗೆ ಒಂದು ಚಮಚ ಕೊಟ್ಟೆ, ಅವಳ ಮುಖ ನೋಡಿದ್ಮೇಲೆ ಬೇರೆ ಸಾಕ್ಷಿ ಬೇಕಾಗ್ಲಿಲ್ಲ. ಹಾಲಿನ ಪ್ರೋಟೀನನ್ನೂ ಅವನು ಕತ್ತರಿಸ್ತಾನೆ, ಆ ಚೂರುಗಳು ಕಹಿಯಾಗಿರ್ತವೆ. ಕಿವಿ ಹಣ್ಣಲ್ಲೂ ಇಂಥ ಕಿಣ್ವ ಇದೆ, ಪಪ್ಪಾಯದಲ್ಲೂ ಇದೆ, ಅಂದ್ರೆ ಟ್ರಾಪಿಕಲ್ ಫ್ರೂಟ್ಸ್ ಅಂತ ಖುಷಿಯಾಗಿ ಯಾರ್ಯಾರನ್ನ ಒಂದು ಬೌಲಲ್ಲಿ ಕೂರಿಸ್ತೀವೋ ಅವ್ರೆಲ್ಲ ಒಂದೇ ಗ್ಯಾಂಗು. ಮಾವಿನಹಣ್ಣು ಮಾತ್ರ ಸಂಭಾವಿತ, ಹೆಚ್ಚುಕಮ್ಮಿ ತನ್ನ ಪಾಡಿಗೆ ತಾನಿರತ್ತೆ. ಬಾಳೆಹಣ್ಣೂ ಒಳ್ಳೇದೇ, ಆದ್ರೆ ಗಾಳಿ ತಾಗಿದ್ರೆ ಕಂದು ತಿರುಗಿ ಮುಖ ಬಾಡಿಸ್ಕೊಂಡು ಕೂರತ್ತೆ, ನಿಂಬೆರಸ ಸವರಿದ್ರೆ ಸ್ವಲ್ಪ ಹೊತ್ತು ಮರ್ಯಾದೆ ಉಳಿಸ್ಕೊಳತ್ತೆ, ಕೊನೇ ಗಳಿಗೇಲಿ ಹೆಚ್ಚಿ ಹಾಕೋದೇ ವಾಸಿ.

ಜೆಲ್ಲಿಗೆ ಅಗರ್ ಅಗರ್ ಬಳಸಿ ಅಂತ ಅತ್ತಿಗೆ ಫೋನಲ್ಲಿ ಹೇಳಿದ್ರು. ಸರಿಯಾದ ಮಾತೇ, ಅದು ಪಾಚಿಯಿಂದ ಬಂದಿದ್ದು, ಪ್ರೋಟೀನ್ ಅಲ್ಲ, ಬ್ರೋಮೆಲೈನ್ ಎಷ್ಟು ಹಾರಾಡಿದ್ರೂ ಅದಕ್ಕೆ ಏನೂ ಕಿತ್ಕೊಳಕ್ಕಾಗಲ್ಲ, ಫ್ರಿಜ್ ಕೂಡ ಬೇಡ, ಹೊರಗೇ 35-40 ಡಿಗ್ರಿಗೆ ಇಳಿದ್ರೆ ಗಟ್ಟಿಯಾಗತ್ತೆ. ಆದ್ರೆ ಅದನ್ನ ಕರಗಿಸ್ಬೇಕು ಅಂದ್ರೆ ಚೆನ್ನಾಗಿ ಕುದಿಸ್ಬೇಕು. ಕುದಿಸೋದು ಎಲ್ಲಿ? ಒಲೆ ಮೇಲೆ! ಆ ಹೊತ್ತಿಗೆ ಅಡುಗೆಮನೇಲಿ ನಂಗೂ ಒಲೆಗೂ ಮಾತು ಬಿಟ್ಟು ಆಗಿತ್ತು, ಮತ್ತೆ ರಾಜಿ ಆಗ್ಬೇಕಾಯ್ತು, ಅನಾನಸ್ ಒಂದ್ಕಡೆ ಕುದೀತಾ ಇದೆ, ಅಗರ್ ಇನ್ನೊಂದ್ಕಡೆ ಕುದೀತಾ ಇದೆ, ನಮ್ಮನೆಯವ್ರು ಬಂದು "ಇದಕ್ಕೆ ಒಲೆ ಬೇಡ ಅಂದಿದ್ರಲ್ಲ" ಅಂದ್ರು. ಸೌಟು ಕೈಲಿತ್ತು, ಆದ್ರೂ ನಾನು ಸುಮ್ನಿದ್ದೆ, ಇದನ್ನ ಯಾರಾದ್ರೂ ಬರೆದಿಟ್ಕೊಳಿ.

ಇನ್ನು ನೀರಿನ ಕಾಟ. ಹೆಚ್ಚಿದ ಹಣ್ಣಿನ ಮೇಲೆ ಸಕ್ಕರೆ ಬಿದ್ದ ತಕ್ಷಣ ಅದು ಒಳಗಿನ ನೀರನ್ನೆಲ್ಲ ಹೊರಗೆ ಎಳ್ಕೊಂಡು ಬರತ್ತೆ, ಕಂಡೆನ್ಸ್‌ಡ್ ಮಿಲ್ಕಲ್ಲಿರೋದೂ ಸಕ್ಕರೇನೇ, ಹಾಗಾಗಿ ಬೆಳಿಗ್ಗೆ ಗಟ್ಟಿಯಾಗಿ ಕಲಸಿಟ್ಟಿದ್ದು ಸಂಜೆಗೆ ತಳದಲ್ಲಿ ಕೆರೆ. ಹಣ್ಣನ್ನ ಜರಡೀಲಿ ಸೋರಹಾಕಿ, ಬಟ್ಟೇಲಿ ಒತ್ತಿ ಒರೆಸಿ, ಜನ ಬರೋಕೆ ಸ್ವಲ್ಪ ಮುಂಚೆ ಬೆರೆಸ್ಬೇಕು. ಒಣ ತೆಂಗಿನ ತುರಿ ಹಾಕಿದ್ರೆ ಅದು ಒಂದಿಷ್ಟು ನೀರು ಕುಡ್ಕೊಳತ್ತೆ, ಅದ್ಕೊಂದು ಥ್ಯಾಂಕ್ಸ್.

ಹೀಗೆ ಎಲ್ಲಾ ಸರಿ ಮಾಡಿ, ಬೌಲ್ ತುಂಬಿಸಿ, ಮೇಲೆ ಪುದೀನ ಎಲೆ ಸಿಗಿಸಿ, ಫೋಟೋ ತೆಗೆದು ಫ್ರಿಜ್‌ನಲ್ಲಿಟ್ಟಿದ್ದು. ಮುಚ್ಚಳ ಹಾಕಿರ್ಲಿಲ್ಲ, ಪುದೀನ ಬಾಡತ್ತೆ ಅಂತ. ಅದೇ ಶೆಲ್ಫಲ್ಲಿ ಯಾರೋ ಅರ್ಧ ಹೆಚ್ಚಿದ ಈರುಳ್ಳಿ ಇಟ್ಟಿದ್ರು. ಯಾರು ಅಂತ ಮನೇಲಿ ಇವತ್ತಿಗೂ ತನಿಖೆ ನಡೀತಿದೆ, ಒಬ್ರೂ ಒಪ್ಕೊಂಡಿಲ್ಲ. ಕೊಬ್ಬಿಗೆ ಅಕ್ಕಪಕ್ಕದ ವಾಸನೆ ಹೀರ್ಕೊಳೋ ಗುಣ ಜಾಸ್ತಿ, ಅದ್ರಲ್ಲೂ ಕ್ರೀಮು, ತೆರೆದಿಟ್ರೆ ಕೇಳ್ಬೇಡಿ. ಮೇಲಿನ ಪದರ ತಿಂದ ಮೊದಲನೇ ಮಹಾನುಭಾವ್ರು ಸ್ವಲ್ಪ ಹೊತ್ತು ಯೋಚನೆ ಮಾಡಿ "ಏನೋ ಒಂದು ಡಿಫರೆಂಟ್ ಫ್ಲೇವರ್ ಇದೆ ಕಣ್ರಿ" ಅಂದ್ರು, ಎಷ್ಟು ದೊಡ್ಡ ಮನಸ್ಸು ನೋಡಿ. ಮೇಲಿಂದ ಒಂದಿಂಚು ಕೆರೆದು ತೆಗೆದೆ, ಕೆಳಗಿನದು ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು, ಮಾವು, ಬೇಯಿಸಿದ ಅನಾನಸ್, ಹುಳಿಹುಳಿ ಕ್ರೀಮು, ಮಧ್ಯೆ ಸಿಗೋ ತುರಿ. ಆದ್ರೆ ಬಂದೋರು ಹದಿನೇಳು ಜನ, ಹೊತ್ತು ಬೇರೆ ಆಗಿತ್ತು, ಬೌಲಿಗೆ ಸೌಟು ಹಾಕಿ ಹಾಕಿ ಅದು ಕರಗಿ ಹರಿಯೋಕೆ ಶುರುವಾಗಿತ್ತು, ಕೊನೆಯವ್ರಿಗೆ ಲೋಟಕ್ಕೆ ಬಗ್ಗಿಸಿ ಸ್ಟ್ರಾ ಹಾಕಿ ಕೊಟ್ಟೆ. ಮಿಲ್ಕ್ ಶೇಕ್ ಅಂತ ತಿಳ್ಕೊಂಡು ಕುಡಿದ್ರು. ಸಲಾಡ್ ತಿಂದವ್ರೆಲ್ಲ ಅವ್ರ ಲೋಟ ನೋಡಿ ನಮಗೂ ಅದೇ ಬೇಕು ಅಂದ್ರು.

ಅವತ್ತು ಲೋಟದಲ್ಲಿ ಕುಡಿದ ಒಬ್ರು ನಿನ್ನೆ ಮೆಸೇಜ್ ಮಾಡಿದ್ರು, ಅವ್ರ ಮನೇಲೂ ಜನ ಬರ್ತಿದಾರಂತೆ, ತಾವೂ ಮಾಡಿದೀವಿ ಅಂತ ಒಂದು ಫೋಟೋ. ದೊಡ್ಡ ಗಾಜಿನ ಬೌಲು, ಜಿಲಾಟಿನ್ ಹಾಕಿದ ತಿಳಿ ನೀರು, ಅದ್ರೊಳಗೆ ಹಸೀ ಕಿವಿ, ಹಸೀ ಪಪ್ಪಾಯ, ಹಸೀ ಅನಾನಸ್, ಮೂರೂ ಜನ ಆರಾಮಾಗಿ ಈಜ್ತಾ ಇದಾರೆ. ಕೆಳಗೆ "ಇದು ಎಷ್ಟೊತ್ತಿಗೆ ಗಟ್ಟಿಯಾಗತ್ತೆ?" ಅಂತ ಇತ್ತು.

ನಿಮ್ಮನೇಲಿ ಲೋಟ ಎಷ್ಟಿದಾವೆ ಅಂತ ಕೇಳ್ದೆ.