ಖಾಯಂ ವಿಳಾಸದ ಕಾಲಂ

ಸ್ಕಾಟ್ಲೆಂಡಿನಲ್ಲಿ ನಾವು ಪೋಷಕ ಕುಟುಂಬವಾಗಿ, ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುವ ಕುಟುಂಬವಾಗಿ, ನೋಂದಾಯಿಸಿಕೊಂಡ ಮೇಲೆ ನಮ್ಮ ಮನೆಗೆ ಬಂದ ಎರಡನೆಯ ಹುಡುಗನಿಗೆ ಆಗ 15 ವರ್ಷ. ಬಂದ ಮೂರನೆಯ ದಿನ ಅವನು ನನ್ನ ಪತ್ನಿಯನ್ನು ಕೇಳಿದ: "ನಾನು ಬೇಡ ಅನ್ನಿಸಿದರೆ 28 ದಿನದ ನೋಟಿಸ್ ಕೊಡುತ್ತೀರೋ, ಇಲ್ಲ ಅದಕ್ಕೂ ಮೊದಲೇ ಕಳಿಸಿಬಿಡುತ್ತೀರೋ?" ಮಗುವನ್ನು ಇಟ್ಟುಕೊಳ್ಳಲಾಗದಿದ್ದರೆ 28 ದಿನ ಮುಂಚಿತವಾಗಿ ತಿಳಿಸಬೇಕೆಂಬ ಕಲಮು ನಾವು ಸಹಿ ಹಾಕಿದ ಒಪ್ಪಂದದಲ್ಲಿತ್ತು. ನಮಗೆ ಅದು ಮರೆತೇಹೋಗಿತ್ತು, ಅವನಿಗೆ ಬಾಯಿಪಾಠವಾಗಿತ್ತು. ನಮ್ಮದು ಅವನ ಆರನೆಯ ಮನೆ.

ಕರ್ನಾಟಕದಲ್ಲಿದ್ದಾಗ ನಾನು ನಾಲ್ಕು ವರ್ಷ, ಭಾನುವಾರಗಳಂದು, ಒಂದು ಬಾಲಮಂದಿರದ (ಆಸರೆ ಬೇಕಾದ ಮಕ್ಕಳ ವಸತಿ ಸಂಸ್ಥೆಯ) ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿ ಯಾವ ಮಗುವೂ ಇಂಥ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಅದೇ ಹಾಲ್, ಅದೇ ಟ್ರಂಕು, ಅದೇ ಗೃಹಮಾತೆ. ಯಾರಾದರೂ ನೋಟಿಸ್ ಕೊಟ್ಟು ಕಳಿಸಿಯಾರೆಂಬ ಭಯ ಅವರಿಗಿರಲಿಲ್ಲ. ಆದರೆ ಇಡೀ ಹಾಲಿನ ಮಕ್ಕಳಿಗೆ ಆ ಗೃಹಮಾತೆ ಒಬ್ಬರೇ, ಜ್ವರ ಬಂದವನ ಹಣೆ ಮುಟ್ಟಿ ನೋಡುವಷ್ಟರಲ್ಲಿ ಮತ್ತಿಬ್ಬರ ಜಗಳ ಬಿಡಿಸಲು ಅವರು ಓಡಬೇಕಾಗುತ್ತಿತ್ತು. ಎರಡೂ ಕಡೆಯ ಮಕ್ಕಳನ್ನು ಹತ್ತಿರದಿಂದ ನೋಡಿದ ಮೇಲೆ, ಇವರ ಯೋಗಕ್ಷೇಮವನ್ನು ಹಾಸಿಗೆ, ಊಟ, ಶಾಲೆಯ ಹಾಜರಾತಿಗಳ ಲೆಕ್ಕದಲ್ಲಿ ಅಳೆಯುವುದು ಸಾಲದು, ವರ್ಷಗಳು ಉರುಳಿದರೂ 'ಇವರು ನನ್ನವರು' ಎಂದು ಹೇಳಿಕೊಳ್ಳಲು ಒಬ್ಬರಾದರೂ ಹಿರಿಯರು ಉಳಿದಿದ್ದಾರೆಯೇ ಎಂದು ಕೇಳಬೇಕು ಎಂಬುದು ನನಗೆ ಮನವರಿಕೆಯಾಗಿದೆ.

ಕಾನೂನಿನ ಮಟ್ಟಿಗೆ ನಾವು ಹಿಂದುಳಿದಿಲ್ಲ. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಿರಬೇಕೆಂದು ಭಾರತದ 2015ರ ಬಾಲನ್ಯಾಯ ಕಾಯ್ದೆ ನೇರವಾಗಿಯೇ ಹೇಳುತ್ತದೆ. ಪೋಷಕತ್ವದ ಬಗ್ಗೆ 2016ರಲ್ಲಿ ಬಂದ ಮಾದರಿ ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಿ, ಒಂಟಿಯಾಗಿರುವವರಿಗೂ ಮಗುವನ್ನು ಪೋಷಣೆಗೆ ಪಡೆಯುವ ಅವಕಾಶ ನೀಡಲಾಗಿದೆ. ಇಷ್ಟಿದ್ದರೂ, ಆಸರೆ ಬೇಕಾದ ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಂತ ಮಗುವಿನ ವಿಷಯದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಸಂಸ್ಥೆಯೇ. ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಪಾಲನೆಗೆ ಬಂದ ಮಕ್ಕಳ ಪೈಕಿ ಸುಮಾರು ಮೂರನೇ ಒಂದು ಭಾಗ ಅಜ್ಜಿ, ಚಿಕ್ಕಮ್ಮ, ಸೋದರಮಾವ ಮೊದಲಾದ ಬಂಧುಗಳ ಮನೆಯಲ್ಲಿಯೇ, ಅಧಿಕೃತ ಏರ್ಪಾಡಿನಲ್ಲಿ ಇರುತ್ತಾರೆ. ಆ ಬಂಧುಗಳಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಬಂಧುಗಳ ಮಗುವನ್ನು ತಂದು ಸಾಕುವುದು ನಮಗೇನೂ ಹೊಸತಲ್ಲ. ಆದರೆ ಹಾಗೆ ಸಾಕುತ್ತಿರುವ ಅಜ್ಜಿಗೆ ಏನು ಬೇಕೆಂದು ವಿಚಾರಿಸುವವರು ನಮ್ಮಲ್ಲಿ ಕಡಿಮೆ, ಕೊನೆಗೆ ಅವರು ಕೈಸೋತು ಮಗುವನ್ನು ತಂದು ಬಾಲಮಂದಿರಕ್ಕೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಬಾಲಮಂದಿರದ ಮಕ್ಕಳನ್ನೆಲ್ಲ ಅನಾಥರೆಂದು ಕರೆಯುವ ರೂಢಿ ನನಗೆ ನೋವು ಕೊಡುವುದೂ ಇದೇ ಕಾರಣಕ್ಕೆ. ನಾನು ಪಾಠ ಹೇಳಿದವರಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಇದ್ದರು.

ಸಂಸ್ಥೆಗಿಂತ ಕುಟುಂಬ ಮೇಲು ಎನ್ನುವುದು ಬರಿಯ ಭಾವುಕತೆಯ ಮಾತಲ್ಲ. ರೊಮೇನಿಯದ ಬುಕಾರೆಸ್ಟ್ ನಗರದಲ್ಲಿ 2000ದ ಹೊತ್ತಿಗೆ ಆರಂಭವಾದ ಅಧ್ಯಯನವೊಂದರಲ್ಲಿ, ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳ ಪೈಕಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕಳಿಸಿ, ಎರಡೂ ಗುಂಪುಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಲಾಯಿತು. ಮನೆ ಸೇರಿದವರು ಬುದ್ಧಿಯ ಬೆಳವಣಿಗೆಯಲ್ಲಿಯೂ ಹಿರಿಯರೊಂದಿಗಿನ ಬಾಂಧವ್ಯದಲ್ಲಿಯೂ ಮುಂದಿದ್ದರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಒಳಿತಾಗಿತ್ತು. ಹಾಗೆಂದು ಮನೆ ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ಐದು ಮನೆ ಕಂಡು ಬಂದ ನಮ್ಮ ಹುಡುಗನೇ ಸಾಕ್ಷಿ. ಮೊದಲ ಎರಡು ತಿಂಗಳು ಅವನು ತನ್ನ ಬಟ್ಟೆಯನ್ನು ಕಪಾಟಿಗೆ ಜೋಡಿಸಲಿಲ್ಲ, ಬೇಕಾದಾಗ ಚೀಲದಿಂದ ತೆಗೆದು, ಒಗೆದದ್ದನ್ನು ಮಡಿಸಿ ಮತ್ತೆ ಚೀಲಕ್ಕೇ ಇಡುತ್ತಿದ್ದ. ಅವನನ್ನು ನೋಡಿಕೊಳ್ಳುವ ಸಮಾಜ ಕಾರ್ಯಕರ್ತೆ ಒಂದೇ ವರ್ಷದಲ್ಲಿ ಎರಡು ಸಲ ಬದಲಾದರು, ಬಂದ ಪ್ರತಿಯೊಬ್ಬರಿಗೂ ಅವನು ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಮೂರನೆಯವರ ಎದುರು ಅವನು ಬಾಯಿಯನ್ನೇ ಬಿಡಲಿಲ್ಲ.

ಒಡಹುಟ್ಟಿದವರ ವಿಷಯದಲ್ಲಿ ಮಾತ್ರ ಸ್ಕಾಟ್ಲೆಂಡ್ ಈಚೆಗೆ ಮಾಡಿದ ಬದಲಾವಣೆಯನ್ನು ನಾವು ತಡಮಾಡದೆ ಗಮನಿಸಬೇಕು. ಅಣ್ಣತಮ್ಮ ಅಕ್ಕತಂಗಿಯರನ್ನು ಒಂದೇ ಮನೆಯಲ್ಲಿ, ಅದಾಗದಿದ್ದರೆ ಹತ್ತಿರದ ಮನೆಗಳಲ್ಲಿ ಇರಿಸುವುದು 2021ರಿಂದ ಅಲ್ಲಿಯ ಸ್ಥಳೀಯ ಆಡಳಿತದ ಕರ್ತವ್ಯ. ನಮ್ಮ ಕಾಯ್ದೆಯೂ ಪೋಷಕ ಕುಟುಂಬಗಳಲ್ಲಿ ಒಡಹುಟ್ಟಿದವರನ್ನು ಜೊತೆಗಿಡಲು ಎಲ್ಲ ಪ್ರಯತ್ನ ನಡೆಯಬೇಕೆನ್ನುತ್ತದೆ, ಆದರೆ ಪೋಷಕ ಕುಟುಂಬವೇ ಸಿಗದ ಮಕ್ಕಳು ಹೋಗುವ ಸಂಸ್ಥೆಗಳು ಬಾಲಕರಿಗೆ ಬೇರೆ, ಬಾಲಕಿಯರಿಗೆ ಬೇರೆ. ನನ್ನ ಬಳಿ ಭಾಗಾಕಾರ ಕಲಿತ ಹುಡುಗನೊಬ್ಬ ತನ್ನ ತಂಗಿ ಈಗ ಎಷ್ಟು ಎತ್ತರವಾಗಿರಬಹುದೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದ, ವರ್ಷ ವರ್ಷವೂ ಆ ಕೈಯನ್ನು ತಾನೇ ಅಂದಾಜಿನಿಂದ ಸ್ವಲ್ಪ ಮೇಲಕ್ಕೇರಿಸುತ್ತಿದ್ದ.

ಎಲ್ಲಕ್ಕಿಂತ ಕಠಿಣವಾದದ್ದು 18 ತುಂಬಿ, ಬೆಳೆದ ಜಾಗವನ್ನು ಬಿಡಬೇಕಾಗಿ ಬರುವ ದಿನ. ಸ್ಕಾಟ್ಲೆಂಡಿನ 2014ರ ಕಾಯ್ದೆಯಂತೆ ಪೋಷಕ ಕುಟುಂಬದಲ್ಲಾಗಲಿ ಮಕ್ಕಳ ವಸತಿಗೃಹದಲ್ಲಾಗಲಿ ಇರುವ ಅರ್ಹ ಯುವಜನರು ಬಯಸಿದರೆ 21ರವರೆಗೆ ಅದೇ ಜಾಗದಲ್ಲಿ ಮುಂದುವರಿಯಬಹುದು. ಆಮೇಲೂ 26ರವರೆಗೆ ನೆರವು ಕೇಳಬಹುದು. ಪಕ್ಕದ ಇಂಗ್ಲೆಂಡಿನಲ್ಲಿ ಅದೇ ವರ್ಷದ ಕಾನೂನು ಪೋಷಕ ಕುಟುಂಬದವರಿಗಷ್ಟೇ ಆ ಅವಕಾಶ ಕೊಟ್ಟು ವಸತಿಗೃಹದವರನ್ನು ಹೊರಗಿಟ್ಟಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನಮ್ಮಲ್ಲಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲೂ ನೆರವು ಕೊಡುವ, ವ್ಯವಸ್ಥೆ ನಿಯಮದಲ್ಲಿದೆ. ಆದರೆ ಬೆಳೆದ ಜಾಗವನ್ನು ಬಿಟ್ಟು ಬೇರೊಂದು ಅನುಪಾಲನಾ ಗೃಹಕ್ಕೆ ಹೋಗುವುದಕ್ಕೂ, ಇದ್ದಲ್ಲಿಯೇ ಉಳಿದು ನಿಧಾನವಾಗಿ ಸ್ವಂತ ಕಾಲ ಮೇಲೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆತ್ತವರ ಮನೆಯಲ್ಲಿ ಬೆಳೆದ ಎಷ್ಟು ಮಕ್ಕಳು 18ನೆಯ ಹುಟ್ಟುಹಬ್ಬದ ಮರುದಿನ ಬಾಗಿಲು ದಾಟಿ ಹೋಗುತ್ತಾರೆ? ನಮ್ಮ ಶಾಲೆಗಳ ಅಂಕಪಟ್ಟಿಯಲ್ಲಿ 'ಪೋಷಕರ ಸಹಿ' ಎಂದಿರುತ್ತದೆ, ಹೆತ್ತವರು ಬೇರೆ, ಸಾಕಿದವರು ಬೇರೆ ಎಂಬ ಭೇದ ಆ ಪದಕ್ಕೆ ಗೊತ್ತಿಲ್ಲ. ಇಷ್ಟು ವಿಶಾಲವಾದ ಮಾತನ್ನು ದಿನವೂ ಬಳಸುವ ನಾವು ಪೋಷಣೆಗೆ ವಯಸ್ಸಿನ ಗಡುವನ್ನು ಇಷ್ಟು ಬಿಗಿಯಾಗಿ ಹಾಕಬೇಕಾಗಿಲ್ಲ.

ಕಳೆದ ವರ್ಷ, ತಂಗಿಯ ಎತ್ತರ ಅಳೆಯುತ್ತಿದ್ದ ಅದೇ ಹುಡುಗ ಫೋನ್ ಮಾಡಿದ. ಅವನಿಗೀಗ 19. ಕೆಲಸದ ಅರ್ಜಿಯೊಂದನ್ನು ತುಂಬುತ್ತ 'ಖಾಯಂ ವಿಳಾಸ' ಎಂಬ ಕಾಲಂ ಹತ್ತಿರ ಬಂದು ನಿಂತುಬಿಟ್ಟಿದ್ದನಂತೆ. ಬಾಲಮಂದಿರದ್ದನ್ನು ಬರೆಯುವಂತಿಲ್ಲ, ಬಾಡಿಗೆ ಕೋಣೆಯದು ಯಾವಾಗ ಬದಲಾಗುತ್ತದೋ ಹೇಳುವಂತಿಲ್ಲ.

"ಕೊನೆಗೆ ಏನು ಬರೆದೆಯಪ್ಪ?" ಎಂದೆ.

"ಗೃಹಮಾತೆ ಇದ್ದರಲ್ಲ ಸಾರ್, ಈಗ ರಿಟೈರ್ ಆಗಿದ್ದಾರೆ. ಅವರ ಮನೆಯ ವಿಳಾಸ ಬರೆದೆ."

"ಅವರನ್ನು ಕೇಳಿದೆಯಾ?"

"ಅವರೇ ಬರಿ ಅಂದ್ರು ಸಾರ್. ಪಿನ್ ಕೋಡ್ ಸರಿಯಾಗಿ ಹಾಕು, ಕಾಗದ ಬಂದರೆ ನಾನೇ ತೆಗೆದಿಡ್ತೀನಿ ಅಂದ್ರು."